ನಾಲ್ಕನೇ ನಂಬರಿನ ಮೊಣಕಾಲು

ನವೆಂಬರ್ 3, ಸೋಮವಾರ

ಸಂಜೆ ಕಾಲೇಜು ಮೈದಾನಕ್ಕೆ ಹೋಗಿದ್ದೆ. ಗ್ಯಾಲರಿಯ ಮೆಟ್ಟಿಲುಗಳ ಮೇಲೆ ಆಡುಗಳು ಮಲಗಿದ್ದವು. ಕೆಳಗಿನ ಕೆಲವು ಮೆಟ್ಟಿಲು ಕಟ್ಟಿ ಬಿಟ್ಟು ಹೋಗಿದ್ದಾರೆ. ಮೇಲಕ್ಕೆ ಚಾಚಿದ ಸರಳುಗಳಿಗೆ ತುಕ್ಕು ಹಿಡಿದಿದೆ. ಕಬಡ್ಡಿ ಅಂಕಣವಿದ್ದ ಜಾಗವನ್ನು ಬೇಸಿಗೆಯಲ್ಲೇ ಅಗೆದರು. ಮಳೆಗಾಲವೆಲ್ಲ ಅದು ಹೊಂಡವಾಗಿತ್ತು, ಈಗ ಕಂಕರ್ ಕಲ್ಲಿನ ಗುಡ್ಡೆ. ಗುತ್ತಿಗೆದಾರ ಫೋನು ಎತ್ತುವುದಿಲ್ಲ. ಡಿಸೆಂಬರಿನ ವಿಶ್ವವಿದ್ಯಾಲಯ ಮಹಿಳಾ ಕಬಡ್ಡಿ ಪಂದ್ಯಾವಳಿ ನಮ್ಮ ಸೇಡಂಗೇ ಬಂತು ಎಂದು ಪಟಾಕಿ ಹೊಡೆದವರಲ್ಲಿ ನಾನು ಮೊದಲಿಗ. ಎಲ್ಲಿ ಆಡಿಸುತ್ತಾರೆ, ಆಡುಗಳ ಮಧ್ಯೆಯೇ?

ಗೇಟಿನ ಎದುರು ಚಹಾ ಮಾರುವ ಅಮೃತಪ್ಪ ಕೂಗಿದ: "ಏನಲೇ ಸಂಘಪಾಲ, ನಿಮ್ಮ ಗ್ಯಾಲರಿ ಭರ್ತಿ ಆಗ್ಯಾದಲ್ಲ! ನೀನೂ ಹೋಗಿ ಕುಂದ್ರು. ಹತ್ತನೇತ್ತಾ ಪಾಸಾಗದವ್ರಿಗಿ ಅಲ್ಲೇ ಸೀಟು."

"ಪಾಸಾಗಲಿಲ್ಲ ಅಲ್ಲ. ಪೂರಾ ಬರೀಲಿಲ್ಲ" ಎಂದೆ.

"ಹೌದೌದು, ಹರಿಶ್ಚಂದ್ರ."

ಈ ಊರಲ್ಲಿ ಅದು ನನ್ನ ಮಟ್ಟಿಗೆ ಬೈಗುಳ. ಹತ್ತನೇ ಪರೀಕ್ಷೆಯಲ್ಲಿ ನಕಲು ಹಿಡಿಯುವ ಸ್ಕ್ವಾಡಿನವರು ಬಂದು ಉತ್ತರ ಯಾರಾದರೂ ಹೇಳಿಕೊಟ್ಟರೇ ಎಂದು ಕೇಳಿದ್ದರು. ಎಲ್ಲರೂ ಡೆಸ್ಕು ನೋಡಿದರು. ನಾನು ಹೌದು ಎಂದೆ. ಮರುದಿನ ಗೆಳೆಯರೇ ಗೇಟಿನಲ್ಲಿ ನನ್ನನ್ನು ತಡೆದರು. ಅಂದಿನಿಂದ ನೆಲಕ್ಕೆ ಹಾಸುವ ಫರಸಿ ಕಲ್ಲು ಮಾರುವ ಧರ್ಮಣ್ಣ ಕಾಕಾನ ಅಂಗಳದಲ್ಲಿ ಪಾಲಿಷ್ ಮಷಿನ್ ಹಿಡಿದಿದ್ದೇನೆ. ಕಾಲೇಜಿನ ಮೆಟ್ಟಿಲು ಹತ್ತದಿದ್ದರೂ ಅಲ್ಲಿನ ಹುಡುಗಿಯರ ಕಬಡ್ಡಿ ತಂಡ ನನ್ನದು. ಅವರು ಆಡಿದ ಒಂದು ಮ್ಯಾಚೂ ಬಿಟ್ಟಿಲ್ಲ. ಗಂಟಲು ಹರಿಯುವವರೆಗೆ ಕೂಗಿದ್ದೇನೆ.

ನವೆಂಬರ್ 7, ಶುಕ್ರವಾರ

ಮ್ಯಾಟು ಬಂತು! ಲಾರಿ ಗೇಟಿಗೆ ಬಂದಾಗ ನಾನೂ ಅಮೃತಪ್ಪನೂ ಓಡಿ ಹೋಗಿ ಇಳಿಸಿದೆವು. ಒಂದಕ್ಕೊಂದು ಹಲ್ಲು ಕೂಡಿಸಿ ಜೋಡಿಸುವ ದಪ್ಪ ತುಂಡುಗಳು. ಹೊಸ ರಬ್ಬರಿನ ವಾಸನೆ ಇನ್ನೂ ಅಂಗಿಯಲ್ಲಿದೆ.

ಎಲ್ಲವನ್ನೂ ಹಳೆಯ ಪ್ರಯೋಗಾಲಯದ ಕೋಣೆಯಲ್ಲಿಟ್ಟು ಪ್ರಿನ್ಸಿಪಾಲರು ಕೀಲಿ ಹಾಕಿಸಿದರು. "ಉದ್ಘಾಟನಾ ಆಗೋತನಕ ಒಂದು ತುಂಡೂ ಬಿಚ್ಚಂಗಿಲ್ಲ. ಎಮ್ಮೆಲ್ಲೆ ಸಾಹೇಬ್ರು ಟೈಮ್ ಕೊಡಬೇಕು."

"ಹುಡುಗೇರು ಪ್ರಾಕ್ಟೀಸ್ ಎಲ್ಲಿ ಮಾಡಬೇಕ್ರಿ ಸರ್?" ಎಂದು ಕೇಳಿದವರು ಅಣವೀರ ಸರ್. ಅವರೇ ಆಟ ಕಲಿಸುವವರು. ಕಾಯಂ ನೌಕರಿಯಲ್ಲ, ವರ್ಷ ವರ್ಷ ಆದೇಶ ಬಂದರೆ ಮಾತ್ರ.

"ಇಷ್ಟು ದಿನ ಎಲ್ಲಿ ಮಾಡ್ಯಾರೋ ಅಲ್ಲೇ."

ನಾನು ಹಿಂದಿನಿಂದ "ಗ್ಯಾಲರಿ ಯಾವಾಗ್ರಿ?" ಎಂದು ಕೂಗಿದೆ. ಯಾರೂ ತಿರುಗಲಿಲ್ಲ.

ನವೆಂಬರ್ 12, ಬುಧವಾರ

ಉದ್ಘಾಟನೆ ಮುಂದಕ್ಕೆ ಹೋಯಿತು. ಸಾಹೇಬರು ಬೆಂಗಳೂರಿನಲ್ಲಿದ್ದಾರಂತೆ.

ಹುಡುಗಿಯರು ಹತ್ತಿ ಗಿರಣಿಯ ಹಿಂದಿನ ಕಪ್ಪು ಎರಿ ಮಣ್ಣಿನಲ್ಲಿ ಬರಿಗಾಲಲ್ಲಿ ಆಡುತ್ತಿದ್ದಾರೆ. ಬಿರುಕಿನೊಳಗೆ ಕಾಲು ಸಿಕ್ಕೀತೆಂದು ನೋಡುವವರಿಗೇ ಭಯ. ನಾಲ್ಕನೇ ನಂಬರ್ ರೇಡಿಗೆ ಹೋದರೆ ಮಾತ್ರ ನೆಲ ಹೇಗಿದೆ ಎಂಬುದು ಮರೆತುಹೋಗುತ್ತದೆ. ಹೆಸರು ಭುವನೇಶ್ವರಿ, ಆಡಕಿ ಊರಿನವಳು. ನಮಗೆಲ್ಲ ನಾಲ್ಕನೇ ನಂಬರ್. ನೀರು ಕುಡಿಯಲು ಬಂದಾಗ ನಾನು ಧೈರ್ಯ ಮಾಡಿ, "ಗ್ಯಾಲರಿ ಸಲುವಾಗಿ ನಾವು ಧರಣಿ ಕೂಡ್ಲಿಕತ್ತೀವಿ" ಎಂದೆ. ಹೊಗಳುತ್ತಾಳೆಂದುಕೊಂಡಿದ್ದೆ.

"ಕುಂದ್ರೋರ ಚಿಂತಿ ನಿಮಗ" ಎಂದಳು. "ದಿನಾ ಗ್ಯಾಲರಿ, ಗ್ಯಾಲರಿ ಅಂತ ಒದರ್ತೀರಿ. ಆಡೋರು ಕಾಲು ಎಲ್ಲಿ ಇಡಬೇಕು ಅಂತ ಒಬ್ಬರರೆ ಕೇಳೀರೇನು?"

ನಾನು ಅವಳ ಬರಿಗಾಲುಗಳನ್ನು ನೋಡಿದೆ.

"ಮಣ್ಣಿನ್ಯಾಗ ಕಾಲು ಜಾರ್ತದ. ಮ್ಯಾಟಿನ್ಯಾಗ ಬೂಟು ಹಿಡೀತದ. ರೂಢಿ ಇರದಿದ್ರ ತಿರುಗೋ ಟೈಮಿಗಿ ಮುಗ್ಗರಿಸ್ತೀವಿ. ಹೋದ ವರ್ಷ ಫೈನಲ್‌ದಾಗ ಹಂಗೇ ಸೋತ್ವಿ. ಈ ಸಲ ವಿಶ್ವವಿದ್ಯಾಲಯದ ತಂಡ ಆರಿಸೋರು ಇಲ್ಲೇ ಬರ್ತಾರ. ನಂದು ಕೊನೇ ವರ್ಷ. ಇಲ್ಲಿ ಆಗಲಿಲ್ಲಂದ್ರ ನಾ ಮತ್ತ ಎಲ್ಲೂ ಆಡಾಂಗಿಲ್ಲ."

ಇಷ್ಟು ವರ್ಷ ನೋಡಿದ್ದೇನೆ, ಇದು ನನಗೆ ಗೊತ್ತಿರಲಿಲ್ಲ. ಸಿಟ್ಟು ಬಂತು. ಯಾರ ಮೇಲೆಂದು ತಿಳಿಯುತ್ತಿಲ್ಲ.

ನವೆಂಬರ್ 14, ಶುಕ್ರವಾರ

ಮಷಿನ್ ಮುಂದೆ ನಿಂತಾಗ ಹೊಳೆಯಿತು. ನಮ್ಮ ಅಂಗಳದಷ್ಟು ಸಪಾಟಾದ ಜಾಗ ತಾಲ್ಲೂಕಿನಲ್ಲಿ ಎಲ್ಲಿದೆ? ಮರಳು ಹರಡಿ ಫರಸಿ ಜೋಡಿಸಿದರೆ ಅದರ ಮೇಲೆ ಮ್ಯಾಟು ಹಾಸಬಹುದು. ಭಾನುವಾರ ಕೆಲಸಕ್ಕೆ ರಜೆ. ಕಾಕಾ ಒಪ್ಪಿದ. "ಕಲ್ಲು ಒಡದ್ರ ನಿನ್ನ ತಲಿ ಒಡೀತೀನಿ" ಎಂದ, ಅದು ಅವನ ಒಪ್ಪಿಗೆಯೇ.

ಅಣವೀರ ಸರ್‌ಗೆ ಹೇಳಿದೆ. ಎದ್ದು ಕಿಟಕಿ ಮುಚ್ಚಿದರು. ಆಮೇಲೆ ತಮ್ಮ ಸುಪರ್ದಿಯಲ್ಲಿದ್ದ ಮ್ಯಾಟಿನ ಕೋಣೆಯ ಚಾವಿ ತೆಗೆದು ನನ್ನ ಕೈಯಲ್ಲಿಟ್ಟರು.

"ಚಾವಿ ನಾ ಟೇಬಲ್ ಮ್ಯಾಲ ಮರ್ತು ಹೋಗೀನಿ ಅಂತ ತಿಳ್ಕೋ."

"ಹಂಗ ಹೆಂಗ ತಿಳ್ಕೋಬೇಕ್ರಿ ಸರ್? ನೀವು ನನ್ನ ಕೈಯಾಗೇ ಕೊಡ್ಲಿಕತ್ತೀರಿ."

"ಅಯ್ಯ ನಿನ್ನ! ನಿನ್ನ ಸಂಗಾಟ ಕಳ್ಳತನಾನೂ ಮಾಡ್ಲಿಕ್ಕಾಗಲ್ಲ."

ಇಬ್ಬರೂ ನಕ್ಕೆವು.

ನವೆಂಬರ್ 16, ಭಾನುವಾರ

ಇಂಥ ದಿನ ನನ್ನ ಜೀವನದಲ್ಲಿ ಬಂದಿರಲಿಲ್ಲ.

ಬೆಳಗಾಗುವ ಮೊದಲೇ ಅಂಗಳಕ್ಕೆ ಹೋಗಿ ಕಲ್ಲು ಹಾಸಿದೆ. ಇದ್ದುದರಲ್ಲೇ ಚೆಂದದ ಕಲ್ಲುಗಳನ್ನು ಆರಿಸಿ, ಹೊಳೆಯುವ ಮುಖ ಮೇಲೆ ಮಾಡಿ, ದಾರ ಹಿಡಿದು ಕೂಡಿಸಿದೆ. ಮುಗಿದಾಗ ಅದರಲ್ಲಿ ನನ್ನ ಮುಖ ಕಾಣುತ್ತಿತ್ತು. ಮೇಲೆ ಮ್ಯಾಟು ಮುಚ್ಚುತ್ತದೆ, ಯಾರು ನೋಡುತ್ತಾರೆ ಎಂದು ಕಾಕಾನ ಆಳು ನಕ್ಕ. ನೋಡದಿದ್ದರೇನು, ನಮ್ಮ ಕೆಲಸ ನಮ್ಮದು.

ಕಾಕಾನ ಗೂಡ್ಸ್ ಆಟೋ ನಾನೇ ಹೊಡೆದೆ, ಅದರಲ್ಲಿ ಮ್ಯಾಟು ತಂದೆವು. ಹುಡುಗಿಯರು ಮೊದಲು ಅದರ ಮೇಲೆ ಕಾಲಿಡಲೇ ಇಲ್ಲ. ನಾಯಕಿ ಭಾಗ್ಯಜ್ಯೋತಿ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಶುರುವಾಯಿತು. ಬೂಟುಗಳ ಕೀಚ್ ಕೀಚ್ ಸದ್ದು, "ಕಬಡ್ಡಿ ಕಬಡ್ಡಿ" ಎಂಬ ಉಸಿರು, ಬಿದ್ದರೂ ಗಾಯವಿಲ್ಲ. ನಾಲ್ಕನೇ ನಂಬರ್ ಮೊದಮೊದಲು ತಿರುಗುವಾಗ ಮುಗ್ಗರಿಸಿದಳು. ಮಧ್ಯಾಹ್ನದ ಹೊತ್ತಿಗೆ ಬೋನಸ್ ಗೆರೆಯ ಆಚೆ ಕಾಲಿಟ್ಟು, ಅಲ್ಲೇ ಗಿರಕ್ಕನೆ ತಿರುಗಿ, ಮೂವರ ಕೈ ತಪ್ಪಿಸಿ ಬಂದಳು. ನಾನು "ನಾಲ್ಕು! ನಾಲ್ಕು!" ಎಂದು ಕೂಗಿದೆ. ನಾನು ಶುರು ಮಾಡಿದ ಈ ಕೂಗನ್ನೇ ಈಗ ಇಡೀ ಊರು ಕೂಗುತ್ತದೆ.

ಸಂಜೆ ಎಲ್ಲ ಒರೆಸಿ ಕೋಣೆಗೆ ವಾಪಸ್ ಇಟ್ಟೆವು. ಮುಂದಿನ ಭಾನುವಾರವೂ ಇಲ್ಲೇ. ಕಲ್ಲನ್ನು ಇನ್ನೂ ಚೆನ್ನಾಗಿ ತೊಳೆದಿಡಬೇಕು.

ನವೆಂಬರ್ 23, ಭಾನುವಾರ

ಬರೆಯಲು ಆಗುತ್ತಿಲ್ಲ. ಅವಳು ಕೂಗಿದ್ದು ಕಿವಿಯಿಂದ ಹೋಗುತ್ತಿಲ್ಲ.

ನವೆಂಬರ್ 25, ಮಂಗಳವಾರ

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಭಾನುವಾರ ಧೂಳು ಕೂರಬಾರದೆಂದು ಕಲ್ಲಿಗೆ ನೀರು ಹೊಡೆದೆ. ಮೇಲೆ ಒರೆಸಿದೆ, ಸಂದುಗಳಲ್ಲಿ ನೀರು ಉಳಿದಿತ್ತು. ಮ್ಯಾಟು ಹಾಸಿದ ಮೇಲೆ ಅದು ಅಡಿಯಲ್ಲಿ ಹರಡಿತು. ಭುವನೇಶ್ವರಿ ಬೋನಸ್ ಗೆರೆಯ ಹತ್ತಿರ ಕಾಲೂರಿ ತಿರುಗಿದಳು. ಬೂಟು ಮ್ಯಾಟನ್ನು ಹಿಡಿಯಿತು. ಮ್ಯಾಟೇ ಕಲ್ಲಿನ ಮೇಲಿಂದ ಸರಿಯಿತು. ಮೈ ಒಂದು ಕಡೆ, ಮೊಣಕಾಲು ಒಂದು ಕಡೆ.

ಕಾಕಾ ಓಡಿ ಬಂದು ಮ್ಯಾಟು ಎತ್ತಿ ನೋಡಿ ಹಣೆ ಹಣೆ ಬಡಿದುಕೊಂಡ. "ಒರಟು ಮಗ್ಗಲು ಮ್ಯಾಲ ಹಾಕಬೇಕಿತ್ತಲ್ಲೋ ಹುಚ್ಚ! ಇದೇನು ಮದುವಿ ಮನಿ ಹಾಲ್ ಏನು?"

ಕಲ್ಲನ್ನು ತಲೆಕೆಳಗಾಗಿ ಹಾಸಬಹುದೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಫರಸಿ ಕೈಗೆ ಬಂದರೆ ಹೊಳೆಯುವ ಮುಖ ಮೇಲೆ. ನನ್ನ ಕೈಗೆ ಬೇರೆ ಗೊತ್ತೇ ಇಲ್ಲ.

ನಿನ್ನೆ ಗೂಡ್ಸ್ ಆಟೋದಲ್ಲಿ ಕಲಬುರಗಿಗೆ ಕರೆದೊಯ್ದೆ, ಜೊತೆಗೆ ಭಾಗ್ಯಜ್ಯೋತಿ. ಅಣವೀರ ಸರ್ ಬರಲಿಲ್ಲ. ಮ್ಯಾಟು ಹೊರಗೆ ಹೋದದ್ದು ತಿಳಿದರೆ ಅವರಿಗೆ ಮುಂದಿನ ವರ್ಷ ಆದೇಶ ಬರುವುದಿಲ್ಲ. ಬಸ್ಸಿನಿಂದ ಇಳಿಯುವಾಗ ಬಿದ್ದಳು ಎಂದು ಎಲ್ಲರೂ ಹೇಳುವುದೆಂದು ಹುಡುಗಿಯರು ತೀರ್ಮಾನಿಸಿದ್ದಾರೆ. ಭಾಗ್ಯಜ್ಯೋತಿ ಔಷಧ ತರಲು ಕೆಳಗೆ ಹೋಗಿದ್ದಾಗ ಡಾಕ್ಟರು ಹೇಳಿದರು: ಮೊಣಕಾಲಿನ ಒಳಗಿನ ಲಿಗಮೆಂಟ್ ಅರ್ಧ ಹರಿದಿದೆ. ಆಡಕೂಡದು. ಆಡಿ ಪೂರ್ತಿ ಹರಿದರೆ ಮುಂದೆ ಆಟದ ಮಾತೇ ಇಲ್ಲ.

ಹೊರಗೆ ಬಂದ ಮೇಲೆ ಭುವನೇಶ್ವರಿ ಹೇಳಿದಳು: "ಕೇಳಿದ್ದು ನಾ ಮತ್ತ ನೀ. ಉಳುಕ್ಯಾದ ಅಂತ ಹೇಳ್ತೀನಿ ನಾ. ನೀ ಬಾಯಿ ತೆಗದ್ರ ನೋಡು."

"ಯಾರರೆ ಕೇಳಿದ್ರ?"

"ಯಾರು ಕೇಳ್ತಾರ ನಿನಗ?"

ಅದೂ ನಿಜವೇ.

ನವೆಂಬರ್ 30, ಭಾನುವಾರ

ಆಡಕಿಗೆ ಹೋಗಿದ್ದೆ. ಹೋಗಬಾರದಿತ್ತು. ಹೊಸ್ತಿಲ ಹೊರಗೇ ನಿಂತೆ. ಅವಳ ಅವ್ವ ಶರಣಬಸಮ್ಮ, "ಒಳಗ ಬಾ ಯಪ್ಪಾ, ಹೊರಗ್ಯಾಕ ನಿಂತಿ?" ಎಂದು ಕರೆದು ಬಿಸಿ ರೊಟ್ಟಿ, ಪುಂಡಿ ಪಲ್ಯ ಇಟ್ಟಳು.

"ಬಸ್ಸಿಂದ ಬಿದ್ದಾಕಿನ್ನ ಯಾರು ಎತ್ತತಾರ ಈ ಕಾಲದಾಗ? ನೀ ದವಾಖಾನಿಗಿ ಒಯ್ದಿ. ಹೊಟ್ಟಿ ತಣ್ಣಗಿರಲಿ ನಿಂದು."

ನಾನು ಬಾಯಿ ತೆರೆದೆ. ಭುವನೇಶ್ವರಿ ಕುಂಟುತ್ತ ಬಂದು, "ನೀರು ಕುಡಿ" ಎಂದು ತಂಬಿಗೆ ಮುಂದಿಟ್ಟಳು. ಕುಡಿದೆ. ಶರಣಬಸಮ್ಮ ಏನನ್ನೂ ಕೇಳಿರಲಿಲ್ಲ. ಆದ್ದರಿಂದ ನಾನು ಸುಳ್ಳು ಹೇಳಿಲ್ಲ.

ಇದನ್ನು ಬರೆದ ಮೇಲೆ ಮತ್ತೆ ಮತ್ತೆ ಓದಿದೆ. ಸರಿಯಾಗಿಯೇ ಇದೆ. ರೊಟ್ಟಿ ಮಾತ್ರ ಇನ್ನೂ ಎದೆಯಲ್ಲೇ ನಿಂತಂತಿದೆ.

ಡಿಸೆಂಬರ್ 5, ಶುಕ್ರವಾರ

ಉದ್ಘಾಟನೆ ಆಯಿತು. ಕಂಕರ್ ಎತ್ತಿಸಿ ನೆಲ ಕುಟ್ಟಿ, ಮೇಲೆ ಹಲಗೆ ಹಾಕಿ ಮ್ಯಾಟು ಹಾಸಿದರು. ಸಾಹೇಬರು ರಿಬ್ಬನ್ ಕತ್ತರಿಸಿ ಬೂಟು ಕಳಚಿ ಅಂಕಣದ ಮಧ್ಯೆ ನಿಂತು, "ಇದರ ಮ್ಯಾಲ ಮೊದಲನೇ ಹೆಜ್ಜಿ ಇಡೋ ಭಾಗ್ಯ ನಂದು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಣವೀರ ಸರ್ ನೆಲ ನೋಡುತ್ತಿದ್ದರು. ಮ್ಯಾಟಿನ ಹಲ್ಲುಗಳ ಸಂದಿಯಲ್ಲಿ ನಮ್ಮ ಕಲ್ಲಿನ ಹಿಟ್ಟು ಬೆಳ್ಳಗೆ ಉಳಿದಿತ್ತು. ನನಗಷ್ಟೇ ಕಂಡಿತೇನೋ.

ಗ್ಯಾಲರಿ ಎರಡನೇ ಹಂತದಲ್ಲಿ ಆಗುತ್ತದಂತೆ. ಅಮೃತಪ್ಪ "ಧಿಕ್ಕಾರ ಕೂಗೋ" ಎಂದು ತಿವಿದ. ಕೂಗಲು ಮರೆತೆ.

ಭುವನೇಶ್ವರಿ ನೆಟ್ಟಗೆ ನಡೆಯುತ್ತಿದ್ದಳು. ಡಾಕ್ಟರು ಆಡಲು ಹೇಳಿದ್ದಾರೆಂದು ಸರ್‌ಗೆ ಹೇಳಿದ್ದಾಳೆ. ನನ್ನ ಹತ್ತಿರ ಬಂದು, "ಒಂದೇ ಮ್ಯಾಚ್. ಆರಿಸೋರು ನೋಡಿದ್ರ ಸಾಕು. ಆಮ್ಯಾಲ ಹರೀಲಿ ಬಿಡು" ಎಂದಳು.

"ನಿನ್ನ ಕಾಲು—"

"ನಂದೇ ಅಲ್ಲೇನು?"

ಡಿಸೆಂಬರ್ 6, ಶನಿವಾರ

ಪರಿನಿರ್ವಾಣ ದಿನವೆಂದು ಅವ್ವನ ಜೊತೆ ಬಾಬಾಸಾಹೇಬರ ಪ್ರತಿಮೆಗೆ ಹೋಗಿ ಮೇಣದಬತ್ತಿ ಹಚ್ಚಿದೆ. "ಯಾಕೋ, ಜ್ವರ ಬಂದೋರಂಗ ಕಾಣ್ತಿ" ಎಂದಳು. ಇಲ್ಲ ಎಂದೆ. ಜ್ವರ ಇರಲಿಲ್ಲ.

ಡಿಸೆಂಬರ್ 11, ಗುರುವಾರ

ಶನಿವಾರ ಸೆಮಿಫೈನಲ್. ಸರ್‌ಗೆ ಹೇಳಿಬಿಡಬೇಕೆಂದು ಕಾಲೇಜಿನವರೆಗೆ ಹೋದೆ, ವಾಪಸ್ ಬಂದೆ. ಹೇಳಿದರೆ ಅವಳ ಆಟ ಹೋಗುತ್ತದೆ. ಹೇಳದಿದ್ದರೆ ಕಾಲು ಹೋಗುತ್ತದೆ. ಸ್ಕ್ವಾಡಿನವರು ಕೇಳಿದಾಗ ಇಷ್ಟು ಕಷ್ಟವಾಗಿರಲಿಲ್ಲ. ಕೇಳಿದರು, ಹೇಳಿದೆ. ಈಗ ಯಾರೂ ಕೇಳುತ್ತಿಲ್ಲ. ಯಾರಾದರೂ ಬಂದು ಕೇಳಬಾರದೇ?

ಕೆಲಸದಲ್ಲಿ ಒಂದು ಕಲ್ಲು ಒಡೆದೆ. ಕಾಕಾ ಬೈಯಲೂ ಇಲ್ಲ.

ಡಿಸೆಂಬರ್ 13, ಶನಿವಾರ

ಸೋತೆವು. ಸೋಲಿಸಿದ್ದು ನಾನು ಎನ್ನುತ್ತಿದ್ದಾರೆ.

ಚಿತ್ತಾಪುರ, ಶಹಾಬಾದ್, ವಾಡಿ, ಚಿಂಚೋಳಿ ಎಲ್ಲ ಕಡೆಯಿಂದ ಜನ ಬಂದಿದ್ದರು. ಅರ್ಧ ಕಟ್ಟಿದ ಗ್ಯಾಲರಿಯ ಮೇಲೆ, ಗೋಡೆಯ ಮೇಲೆ, ಬೇವಿನ ಮರದ ಮೇಲೆ. ಆರಿಸುವವರು ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಸರ್ ಭುವನೇಶ್ವರಿಯನ್ನು ಬೆಂಚಿನಲ್ಲೇ ಕೂರಿಸಿದ್ದರು. ಬೇಕಾದರೆ ಮಾತ್ರ ಇಳಿಸುತ್ತೇನೆ ಎಂದಿದ್ದರಂತೆ. ನನಗೆ ಸ್ವಲ್ಪ ಉಸಿರು ಬಂತು.

ಕೊನೆಯ ಹೊತ್ತಿಗೆ ಕಲಬುರಗಿಯವರು ಎರಡೇ ಅಂಕ ಮುಂದಿದ್ದರು. ಭಾಗ್ಯಜ್ಯೋತಿ ಸಿಕ್ಕಿಬಿದ್ದಳು. ಜನ ಒಮ್ಮೆಲೇ ಸುಮ್ಮನಾದರು. ಆ ಮೌನದಲ್ಲಿ ಒಬ್ಬ "ನಾಲ್ಕು! ನಾಲ್ಕು!" ಎಂದು ಕೂಗಿದ. ಅದು ನನ್ನ ಬಾಯಿ. ರೂಢಿಯಿಂದ, ಯೋಚನೆಯಿಲ್ಲದೆ ಬಂತು. ಇಡೀ ಮೈದಾನ ಹಿಡಿದುಕೊಂಡಿತು. ಭುವನೇಶ್ವರಿ ಎದ್ದು ನಿಂತು ಬೂಟಿನ ದಾರ ಬಿಗಿದುಕೊಂಡಳು.

ಅಂಕಣದ ಸುತ್ತ ಕಟ್ಟಿದ್ದ ಹಗ್ಗ ಹಾರಿದ್ದು ನೆನಪಿದೆ. ಅಮೃತಪ್ಪ ಅಂಗಿ ಹಿಡಿದೆಳೆದದ್ದು ನೆನಪಿದೆ.

"ಸರ್, ಅಕಿನ್ನ ಒಳಗ ಬಿಡಬ್ಯಾಡ್ರಿ. ಉಳುಕಿಲ್ಲ, ಒಳಗ ಅರ್ಧ ಹರದದ. ಡಾಕ್ಟರು ನನ್ನ ಎದುರಿಗೇ ಹೇಳ್ಯಾರ. ಬಸ್ಸಿಂದ ಬಿದ್ದಿಲ್ಲ, ಅದು ನಿಮಗೂ ಗೊತ್ತದ. ನಾ ಹಾಸಿದ ಕಲ್ಲಿನ ಮ್ಯಾಲ ಬಿದ್ದಾಳ."

ಪ್ರಿನ್ಸಿಪಾಲರು ಅಲ್ಲೇ ಇದ್ದರು. ನೋಡಿದ್ದೆ. ಆದರೂ ಹೇಳಿದೆ.

"ಸುಳ್ಳ ಹೇಳ್ಲಿಕತ್ತಾನ್ರಿ ಸರ್" ಎಂದಳು ಭುವನೇಶ್ವರಿ.

ಸರ್ ಅವಳನ್ನು ನೋಡಿದರು, ನನ್ನನ್ನು ನೋಡಿದರು. "ಇಂವ ಸುಳ್ಳ ಹೇಳಿದ್ದು ಈ ಊರಾಗ ಯಾರೂ ಕೇಳಿಲ್ಲವ್ವಾ" ಎಂದರು. "ಕುಂದ್ರು."

ಅವಳು ಅಳಲಿಲ್ಲ. ಕೂತು, ಕಟ್ಟಿದ ದಾರ ಬಿಚ್ಚುತ್ತ, ನನಗಷ್ಟೇ ಕೇಳುವಂತೆ, "ನಿನ್ನ ಖರೇ ಮಾತಿಗಿ ಬೆಂಕಿ ಹತ್ತಲಿ" ಎಂದಳು.

ಆರಿಸಿದವರ ಹೆಸರು ಓದಿದರು. ನಮ್ಮಿಂದ ಭಾಗ್ಯಜ್ಯೋತಿ ಒಬ್ಬಳೇ.

ಡಿಸೆಂಬರ್ 15, ಸೋಮವಾರ

ಅಮೃತಪ್ಪ "ಚಹಾ ಮುಗದದ" ಎಂದ.

"ಕುದೀಲಿಕತ್ತಾದಲ್ಲ?"

"ಅದು ನಿನಗಲ್ಲ."

ಅಣವೀರ ಸರ್‌ಗೆ ನೋಟಿಸ್ ಕೊಟ್ಟಿದ್ದಾರೆ. ಅವರ ಮನೆಗೆ ಹೋದೆ. ಬಾಗಿಲಲ್ಲೇ ನಿಂತು, "ನನ್ನ ಮ್ಯಾಲ ಸಿಟ್ಟಿಲ್ಲ. ಆದ್ರ ಇವತ್ತು ಹೋಗು" ಎಂದರು.

ಗ್ಯಾಲರಿ ಕೆಲಸ ಮತ್ತೆ ಶುರುವಾಗಿದೆಯಂತೆ. ಕಾಕಾ ಹೇಳಿದ. ನೋಡಲು ಹೋಗಿಲ್ಲ.

ಡಿಸೆಂಬರ್ 19, ಶುಕ್ರವಾರ

ಬೆಳಿಗ್ಗೆ ಶರಣಬಸಮ್ಮ ಫೋನ್ ಮಾಡಿದಳು. ಬೈಯಲು ಎಂದುಕೊಂಡೆ. "ದವಾಖಾನಿಗಿ ಹೋಗಬೇಕು, ಆಟೋ ತರ್ತಿಯೇನು? ಬಸ್ಸಿನ್ಯಾಗ ಅಕಿಗಿ ಕಾಲು ಮಡಚಲಿಕ್ಕ ಆಗಲ್ಲ" ಎಂದಳು.

ಹಿಂದೆ ಗಾದಿ ಹಾಸಿಕೊಂಡು ಹೋದೆ. ದಾರಿಯಲ್ಲಿ ಶರಣಬಸಮ್ಮ ಕೇಳಿದಳು: "ಅವತ್ತು ನನ್ನ ಮನ್ಯಾಗ ರೊಟ್ಟಿ ತಿನ್ನೋ ಮುಂದ ಸುಮ್ಮ ಕುಂತಿದ್ದಿ. ಅವತ್ತು ಎಲ್ಲಿ ಹೋಗಿತ್ತು ನಿನ್ನ ಖರೇ?"

"ನೀವು ಕೇಳಲಿಲ್ಲ" ಎನ್ನಬಹುದಿತ್ತು. ಎನ್ನಲಿಲ್ಲ. "ತಪ್ಪಾತ್ರಿ ಅವ್ವಾ" ಎಂದೆ.

ಡಾಕ್ಟರು ಕಾಲು ತಿರುಗಿಸಿ ನೋಡಿದರು. ಸದ್ಯಕ್ಕೆ ಆಪರೇಷನ್ ಬೇಡ, ವಾರವಾರ ಬಂದು ವ್ಯಾಯಾಮ ಮಾಡಿದರೆ ನೋಡೋಣ ಎಂದರು. ಮತ್ತೆ ಆಡಬಹುದೇ ಎಂಬುದಕ್ಕೆ ಅದೇ ಉತ್ತರ: ನೋಡೋಣ. ಭುವನೇಶ್ವರಿ ಕೇಳಿದಳು: "ಹೋದ ಶನಿವಾರ ಒಂದ್ ಮ್ಯಾಚ್ ಆಡಿದ್ರ ಏನಾಗ್ತಿತ್ರಿ?"

"ಪೂರಾ ಹರೀತಿತ್ತೋ ಏನೋ. ಏನೂ ಆಗದೇನೂ ಇರಬಹುದಿತ್ತು. ಅದು ಹೇಳಲಿಕ್ಕಾಗಲ್ಲಮ್ಮಾ."

ಅವಳು ನನ್ನ ಕಡೆ ತಿರುಗಿದಳು. ನಾನು ಬೇರೆ ಕಡೆ ನೋಡಲಿಲ್ಲ.

ಆಡಕಿಗೆ ವಾಪಸ್ ಬಂದೆವು. ಇಳಿಯುವಾಗ ಹಿಡಿದುಕೊಳ್ಳಲು ಬೇರೇನೂ ಸಿಗದೆ ಅವಳು ನನ್ನ ಭುಜ ಹಿಡಿದಳು.

"ಸೋಮವಾರ ಎಂಟಕ್ಕ ಬಾ. ಮತ್ತ ಸಮಾಧಾನ ಗಿಮಾಧಾನ ಹೇಳಬ್ಯಾಡ ನನಗ. ಗಾಡಿ ಹೊಡಿ, ಸಾಕು."

ಎಂಟಕ್ಕೆ ಎಂದರೆ ಏಳಕ್ಕೇ ಹೊರಡಬೇಕು. ರೈಲ್ವೆ ಗೇಟು ಬಿದ್ದರೆ ಕಷ್ಟ. ಬ್ರೇಕು ಸ್ವಲ್ಪ ಸಡಿಲವಿದೆ, ತೋರಿಸಬೇಕು. ಮಳಖೇಡದ ಆಚೆ ರಸ್ತೆ ಕಿತ್ತುಹೋಗಿದೆ. ಅಲ್ಲಿ ಅವಳ ಮೊಣಕಾಲು ಅಲುಗದಂತೆ ಯಾವ ಕಡೆಯಿಂದ ದಾಟಬೇಕೆಂದು ನಾಳೆ ಒಮ್ಮೆ ಖಾಲಿ ಗಾಡಿ ಹೊಡೆದು ನೋಡಿ ಬರಬೇಕು.